ಗುಡ್ಡಕ್ಕೆ ಕಟ್ಟಿದ ದನಿ

ಉಲಿಗೆರೆಯಲ್ಲಿ ಮದುವೆಯ ವಾಲಗ ಚೆನ್ನಾಗಿತ್ತೋ ಇಲ್ಲವೋ ಎಂಬುದನ್ನು ಜನ ಊದುವವರ ಗಲ್ಲ ನೋಡಿ ತೀರ್ಮಾನಿಸುತ್ತಿದ್ದರು. ಗಲ್ಲ ಪೂರಿಯಂತೆ ಉಬ್ಬಿದರೆ ‘ಭಾಳ ಚಂದ ಊದಿದ’ ಎನ್ನುವರು. ಉಬ್ಬದಿದ್ದರೆ ಬೀಗರು ಮುಖ ಉಬ್ಬಿಸಿಕೊಳ್ಳುವರು. ಬದನೆಕಾಯಿ ಮಾರುವವಳು ಕೋಲಿನ ತುದಿಗೆ ಒಂದು ಬದನೆಕಾಯಿ ಸಿಕ್ಕಿಸಿಕೊಂಡು ಓಣಿ ಓಣಿ ತಿರುಗುವಳು. ಗಂಡ ಹೆಂಡಿರ ಜಗಳ ಕೈಸನ್ನೆಯಲ್ಲೇ ನಡೆದು, ಕೈ ಸೋತಾಗ ರಾಜಿಯಾಗುತ್ತಿತ್ತು. ನಾಯಿ ಬೊಗಳಿದರೆ ಬಾಯಿ ತೆರೆದದ್ದಷ್ಟೇ ಕಾಣುತ್ತಿತ್ತು. ಊರಿಗೆ ಹೊಸಬರು ಅದು ಆಕಳಿಸುತ್ತಿದೆ ಎಂದುಕೊಂಡು ಹತ್ತಿರ ಹೋಗಿ ಕಚ್ಚಿಸಿಕೊಳ್ಳುತ್ತಿದ್ದರು.

ಇದೆಲ್ಲ ದನಿ ತೆರಿಗೆಯ ಮಹಿಮೆ.

ತುಂತುರು ಯುದ್ಧದ ಕಾಲದಲ್ಲಿ ಬಂದ ತೆರಿಗೆ ಅದು. ಆ ಯುದ್ಧದಲ್ಲಿ ಶತ್ರುಗಳು ದೊಡ್ಡ ವಿಮಾನಗಳನ್ನು ಕಳಿಸಲಿಲ್ಲ. ಹಲಸಿನ ಬೀಜದಷ್ಟು ಗಾತ್ರದ ಡ್ರೋನುಗಳನ್ನು ತುಂತುರು ಮಳೆಯ ಹಾಗೆ ಬಿಟ್ಟರು. ಅವಕ್ಕೆ ಕಣ್ಣಿರಲಿಲ್ಲ, ಕಿವಿ ಇತ್ತು. ಎಲ್ಲಿ ಮನುಷ್ಯರ ಗದ್ದಲವೋ ಅಲ್ಲಿಗೆ ಹಿಂದೆ ಬರುವ ದೊಡ್ಡಣ್ಣನನ್ನು, ಅಂದರೆ ಬಾಂಬನ್ನು, ಕರೆಯುತ್ತಿದ್ದವು. ಉಲಿಗೆರೆಯ ಮಗ್ಗುಲಲ್ಲೇ ಸೈನ್ಯದ ರೈಲುಗಳು ದಾಟುವ ಸೇತುವೆ. ಊರಿನ ಗದ್ದಲವೋ, ಕೇಳಬೇಡಿ. ಪಿಸುಗುಟ್ಟಿದರೂ ಮೂರು ಓಣಿ ಆಚೆ ಉತ್ತರ ಬರುವಂಥ ಗಂಟಲಿನವರು.

ಆಗ ವಿಜ್ಞಾನಿಗಳು ಒಂದು ಉಪಾಯ ಹೂಡಿದರು. ಊರ ತುಂಬ ಕಂಬ ನೆಟ್ಟರು. ಪ್ರತಿ ಕಂಬಕ್ಕೂ ಒಂದು ಕಿವಿ, ಒಂದು ಬಾಯಿ. ಕಿವಿ ಸದ್ದನ್ನು ಹಿಡಿಯುತ್ತದೆ. ಬಾಯಿ ಅದೇ ಕ್ಷಣಕ್ಕೆ ಅದರ ತದ್ವಿರುದ್ಧ ಅಲೆಯನ್ನು ಬಿಡುತ್ತದೆ. ಏರಿದ ಅಲೆಗೆ ಇಳಿದ ಅಲೆ ಕೂಡಿ ಸೊನ್ನೆ. ಹಿಡಿದ ಸದ್ದು ಮಾತ್ರ ಹಾಳಾಗುವುದಿಲ್ಲ. ನೆಲದಡಿಯ ತಂತಿಯಲ್ಲಿ ಹರಿದು, ಹೊಳೆಯಾಚೆಗಿನ ಬೋಳುಗುಡ್ಡದ ಮೇಲಿನ ದೊಡ್ಡ ದೊಡ್ಡ ಕಹಳೆಗಳಿಂದ ಹೊರಬೀಳುತ್ತದೆ. ಒಂದು ನರಪಿಳ್ಳೆಯೂ ಇಲ್ಲದ ಗುಡ್ಡದಲ್ಲಿ ಊರಿಗೆ ಊರೇ ಗದ್ದಲ ಮಾಡತೊಡಗಿತು. ಬಾಂಬುಗಳೆಲ್ಲ ಅಲ್ಲಿ ಬಿದ್ದವು. ಗುಡ್ಡದ ಮೈಯೆಲ್ಲ ಸಿಡುಬಿನ ಕಲೆ, ಉಲಿಗೆರೆಯಲ್ಲಿ ಒಂದು ಹೆಂಚೂ ಒಡೆಯಲಿಲ್ಲ. ಸೇತುವೆ ಉಳಿಯಿತು. ಸೇತುವೆಯಿಂದಾಗಿ ದೇಶ ಯುದ್ಧ ಗೆದ್ದಿತು.

ಹಣದ ಬದಲು ಹೀಗೆ ದನಿಯನ್ನೇ ಕೊಡುವುದಕ್ಕೆ ದನಿ ತೆರಿಗೆ ಎಂದು ಹೆಸರಾಯಿತು. ತೆರಿಗೆ ಎಂದಮೇಲೆ ಅದಕ್ಕೊಂದು ದರವೂ ಬೇಕಲ್ಲ. ಪಿಸುಮಾತಿಗೆ ಪೂರ್ಣ ವಿನಾಯಿತಿ, ಸಾಮಾನ್ಯ ಮಾತಿಗೆ ಅರ್ಧ, ಕೂಗಿಗೆ ಪೂರ್ತಿ. ಆಮೇಲೆ ನಗೆಯ ಮೇಲೊಂದು ಮೇಲ್ತೆರಿಗೆ ಬಂತು. ಹೀಗಾಗಿ ಉಲಿಗೆರೆಯವರು ನಕ್ಕರೆ ಹೊಟ್ಟೆ ಕುಲುಕುವುದು ಮಾತ್ರ ಕಾಣುತ್ತಿತ್ತು.

ಊರ ಬಾಗಿಲಲ್ಲಿ ಕಲ್ಲಿನ ಮೇಲೆ ಕೆತ್ತಿಸಿದ್ದರು: ‘ದೇಶಕ್ಕೆ ದನಿ ಕೊಟ್ಟ ಊರು.’ ಅದನ್ನು ಓದಿ ಎದೆ ಉಬ್ಬಿಸದ ಉಲಿಗೆರೆಯವನಿಲ್ಲ. ಯಾರೂ ಆ ಗುಡ್ಡದ ಕಡೆಗೆ ಹೋಗುತ್ತಿರಲಿಲ್ಲ. ಕೊಟ್ಟದ್ದನ್ನು ತಿರುಗಿ ಕೇಳಬಾರದು ಎಂಬುದು ಊರಿನ ನಡಾವಳಿ.

ಯುದ್ಧ ಮುಗಿದು ಮೂವತ್ತು ವರ್ಷವಾಗುತ್ತ ಬಂದರೂ ತೆರಿಗೆ ಮುಗಿಯಲಿಲ್ಲ. ಅದಕ್ಕೂ ಊರಿನ ಹೆಮ್ಮೆಯೇ ಕಾರಣ.

ಉಲಿಗೆರೆಯಲ್ಲಿ ಯಾವ ಆಜ್ಞೆಯಾದರೂ ಡಂಗುರ ಹೊಡೆದು ಸಾರಿದಮೇಲೆಯೇ ಜಾರಿ. ಟಿವಿಯಲ್ಲಿ ಬಂದರೂ, ಮೊಬೈಲಿನಲ್ಲಿ ಬಂದರೂ, ಸಾಕ್ಷಾತ್ ಮಂತ್ರಿಯೇ ಬಂದು ಹೇಳಿದರೂ, ‘ಡಂಗುರ ಆತೇನು?’ ಎಂದು ಕೇಳುವ ಜನ. ಈ ಹಟ ಗೊತ್ತಿದ್ದೇ ಸರ್ಕಾರ ತೆರಿಗೆಯ ಕಾನೂನಿನಲ್ಲೇ ಬರೆದಿತ್ತು: ಪೇಟೆಯಲ್ಲಿ ಡಂಗುರದಿಂದ ಜಾರಿ, ಪೇಟೆಯಲ್ಲಿ ಡಂಗುರದಿಂದ ರದ್ದು, ಊರ ಹಿರಿಯರು ತಮ್ಮ ಕಿವಿಯಿಂದ ಕೇಳಿದೆವೆಂದು ಹೇಳಿದ ಕ್ಷಣಕ್ಕೆ ಯಂತ್ರ ನಿಲ್ಲಿಸತಕ್ಕದ್ದು, ಅದಕ್ಕೆ ಮೊದಲು ಅರೆಗಳಿಗೆಯೂ ನಿಲ್ಲಿಸತಕ್ಕದ್ದಲ್ಲ.

ಡಂಗುರದ ದುರುಗಪ್ಪ ಹಾಗೇ ಸಾರಿದ್ದ. ‘ಇದು ಯುದ್ಧ ಮುಗಿಯೂ ತನಕ ಅಷ್ಟರಪ್ಪೋ! ಮುಗಿದ ದಿನ ನಾನ ಬಂದು ಸಾರತೀನ್ರಪ್ಪೋ!’ ಅವನ ಮಾತಿನ ಮೇಲೆ ಊರು ದನಿ ಕೊಟ್ಟಿತು. ಶಾಂತಿಯಾದ ದಿನ ಅವನು ನುಡಿದಂತೆ ಪೇಟೆಗೆ ಬಂದ, ಎದೆಯ ಮೇಲೆ ಡಂಗುರ ಏರಿಸಿ, ಕೋಲೆತ್ತಿ ಹೊಡೆದ. ಕಂಬಗಳು ಪೂರ್ತಿ ನುಂಗಿದವು. ಅಧಿಕಾರಿಗಳು ಹಿರಿಯರನ್ನು ಕೇಳಿದರು. ಆಗ ಹೊಸದಾಗಿ ಹಿರಿಯನಾಗಿದ್ದ ಕೊಟ್ರಗೌಡ ಮೀಸೆಯ ಮೇಲೆ ಕೈಯಿಟ್ಟು, ಇಂದಿಗೂ ಊರು ನೆನೆಯುವ ಮಾತು ಆಡಿದ: ‘ನೋಡಿದಿವಿ. ಕೇಳಲಿಲ್ಲ.’

ಕೇಳಿತು ಎಂದಿದ್ದರೆ ಅಂದೇ ಮುಗಿಯುತ್ತಿತ್ತು. ಆದರೆ ಉಲಿಗೆರೆಯವರು ಕೇಳದ್ದನ್ನು ಕೇಳಿದೆವು ಎನ್ನುವ ಪೈಕಿಯಲ್ಲ. ‘ಮೆಲ್ಲಗೆ ಬೆರಳಲ್ಲಿ ಬಾರಿಸಲಿ’ ಎಂದರು ಅಧಿಕಾರಿಗಳು. ‘ಬೆರಳಲ್ಲಿ ತಟ್ಟಾಕ ಅದೇನು ಕಲ್ಲಂಗಡಿ ಏನ್ರಿ?’ ಎಂದ ಗೌಡ. ವಿಷಯ ಮೇಲಕ್ಕೆ ಹೋಯಿತು. ಮೇಲಿನವರು ಇನ್ನೂ ಮೇಲಕ್ಕೆ ಕಳಿಸಿದರು. ಅಷ್ಟರಲ್ಲಿ ದನಿ ಕೇಂದ್ರಕ್ಕೊಂದು ದೊಡ್ಡ ಕಟ್ಟಡ, ಕಟ್ಟಡಕ್ಕೆ ನಿರ್ದೇಶಕರು, ನಿರ್ದೇಶಕರಿಗೆ ಉಪನಿರ್ದೇಶಕರು ಹುಟ್ಟಿದರು. ಮೊದಲು ಗುಡ್ಡದ ದುರಸ್ತಿಗಾಗಿ ಎಂದು ತೆರಿಗೆ ಮುಂದುವರಿಯಿತು, ಆಮೇಲೆ ಮಕ್ಕಳ ಓದಿಗೆ ನಿಶ್ಶಬ್ದ ಒಳ್ಳೆಯದೆಂದು, ಆಮೇಲೆ ಕಾರಣ ಹೇಳುವುದನ್ನೇ ಬಿಟ್ಟರು.

ದುರುಗಪ್ಪ ಮಾತ್ರ ಬಿಡಲಿಲ್ಲ. ಪ್ರತಿ ವರ್ಷ ಶಾಂತಿಯಾದ ದಿನ ಪೇಟೆಗೆ ಹೋಗಿ ಡಂಗುರ ಹೊಡೆಯುವನು. ಜನ ನಿಂತು ನೋಡುವರು. ಕೆಲವರ ಹೊಟ್ಟೆ ಕುಲುಕುವುದು.

ಈ ದುರುಗಪ್ಪನ ಮಗಳು ಹುಲಿಗೆಮ್ಮ, ದನಿ ಕೇಂದ್ರದ ಇಂಜಿನಿಯರು. ಯುದ್ಧದ ವರ್ಷ ಹುಟ್ಟಿದವಳು. ಹುಟ್ಟಿದಾಗ ಅತ್ತದ್ದು ತಾಯಿಗೂ ಕೇಳಿರಲಿಲ್ಲ. ಪಿಸುದನಿಗೆ ತೆರಿಗೆ ಇಲ್ಲವೆಂದು ಆಕೆ ಪಿಸುದನಿಯಲ್ಲೇ ಮಿಮಿಕ್ರಿ ಕಲಿತಿದ್ದಳು. ಅವಳು ನಿರ್ದೇಶಕ ವಾಮನಮೂರ್ತಿಯವರ ಹಾಗೆ ಕನ್ನಡಕ ಏರಿಸಿ, ‘ನೋಡಮ್ಮಾ, ಸಿಸ್ಟಮ್ಮು ಅಂದ್ರೆ ಸಿಸ್ಟಮ್ಮು’ ಎಂದರೆ ಕೇಂದ್ರದ ಅಟೆಂಡರ್ ಎದ್ದು ನಿಲ್ಲುತ್ತಿದ್ದ.

ಅವಳ ಮನೆ ಕೇಂದ್ರದಿಂದ ಕಾಣುವಷ್ಟು ದೂರ. ಮಧ್ಯಾಹ್ನ ತಾಯಿ ಯಂಕಮ್ಮ ಮಾಳಿಗೆಯ ಮೇಲೆ ಕೋಲಿಗೆ ಕೆಂಪು ಬಟ್ಟೆ ಏರಿಸುವಳು. ಊಟಕ್ಕೆ ಬಾ ಎಂದು ಅರ್ಥ. ಎಲ್ಲ ಮನೆಯಲ್ಲೂ ಹೀಗೇ. ಊಟದ ಹೊತ್ತಿಗೆ ಉಲಿಗೆರೆಯ ಮಾಳಿಗೆಗಳು ಬಾವುಟದ ಅಂಗಡಿಯಂತೆ ಕಾಣುತ್ತಿದ್ದವು.

ಆ ವರ್ಷದ ಶಾಂತಿಯ ದಿನ ಹುಲಿಗೆಮ್ಮನಿಗೆ ರಜೆ ಸಿಗಲಿಲ್ಲ. ಪ್ರತಿ ವರ್ಷ ಅಪ್ಪನ ಪಕ್ಕದಲ್ಲಿ ಕೊಡೆ ಹಿಡಿದು ನಿಲ್ಲುತ್ತಿದ್ದವಳು ಈ ಸಲ ಕಂಟ್ರೋಲ್ ರೂಮಿನಲ್ಲಿದ್ದಳು. ಕಹಳೆಗಳು ಸರಿಯಾಗಿವೆಯೇ ಎಂದು ಪರೀಕ್ಷಿಸಲು ಗುಡ್ಡದ ಮೇಲೊಂದು ಮೈಕು ಇತ್ತು. ಅದರ ಹೆಡ್‌ಫೋನನ್ನು ಕಿವಿಗೆ ಹಾಕಿಕೊಂಡಳು.

ಢಂ. ಢಂ. ಢಢಂ.

ಹುಲಿಗೆಮ್ಮ ಕುರ್ಚಿಯಿಂದ ಎದ್ದುಬಿಟ್ಟಳು. ಎಂಟೂ ದಿಕ್ಕಿಗೆ ಚರ್ಮ ಬಿಗಿದಂಥ ಸದ್ದು. ಅದರ ಹಿಂದೆಯೇ ಒಂದು ಗಂಡಸಿನ ದನಿ, ಎಳೆದು, ತುದಿಯಲ್ಲಿ ಮೇಲಕ್ಕೆ ಚಿಮ್ಮಿ: ‘ಕೇಳ್ರಪ್ಪೋ ಕೇಳ್ರಿ! ಯುದ್ಧ ಮುಗದೈತ್ರಪ್ಪೋ!’

ಆ ದನಿ ಯಾರದೆಂದು ಅವಳಿಗೆ ಮೊದಲು ಗುರುತೇ ಹತ್ತಲಿಲ್ಲ. ಇಡೀ ಊರಿನವರನ್ನು ಅಣಕಿಸಬಲ್ಲವಳಿಗೆ ಸ್ವಂತ ಅಪ್ಪನ ದನಿ ಹೊಸದು. ತೆರಿಗೆ ಕಳೆದು ಮನೆಗೆ ಬರುತ್ತಿದ್ದ ಅರ್ಧ ಅಪ್ಪನನ್ನು ಮಾತ್ರ ಅವಳು ಬಲ್ಲಳು. ಪೂರ್ತಿ ಅಪ್ಪ ಗುಡ್ಡದ ಮೇಲಿದ್ದ.

ಊಟಕ್ಕೆ ಹೋದಾಗ ಅಪ್ಪ ಮೂಲೆಯಲ್ಲಿ ಕುಳಿತು ಡಂಗುರದ ಹಗ್ಗ ಬಿಚ್ಚುತ್ತಿದ್ದ.

‘ಈ ಸಲ ಕೊನೀದವಾ,’ ಎಂದ. ‘ಯುಗಾದಿಗೆ ಈ ತೆರಿಗಿಗೆ ಮೂವತ್ತು ವರ್ಷ ತುಂಬತಾವಂತ. ಅಲ್ಲೀತನಕ ಯಾರೂ ರದ್ದು ಮಾಡಿಸಲಿಲ್ಲ ಅಂದ್ರ ಕಾಯಂ ಅಂತ. ಮುಗಿದ ದಿನ ಬಂದು ಸಾರತೀನಿ ಅಂದಿದ್ನಿ. ಸತ್ತಮ್ಯಾಲೂ ಊರು ನನ್ನ ಸುಳ್ಳ ದುರುಗ ಅಂತೈತಿ.’

ಯಂಕಮ್ಮ ರೊಟ್ಟಿ ಹಾಕುತ್ತ ಗಂಡನನ್ನು ಗದರಿದಳು, ಅರ್ಧ ದನಿಯಲ್ಲಿ. ‘ಉಣ್ಣು ಹೊತ್ತಿನ್ಯಾಗ ಸಾವಿನ ಮಾತ್ಯಾಕ? ಮಗಳು ಅಲ್ಲೇ ಇರ್ತಾಳ. ಒಂದು ಸ್ವಿಚ್ಚ ಆರಸಾಕ ಬರಂಗಿಲ್ಲಾ?’

‘ಬರತೈತಿ,’ ಎಂದಳು ಹುಲಿಗೆಮ್ಮ. ‘ಅರೆಗಳಿಗಿ ಆರಸ್ತೀನಿ. ನೀ ಹೊಡಿ. ಗೌಡ್ರು ಕೇಳಲಿ.’

ದುರುಗಪ್ಪ ಕೈಯಲ್ಲಿದ್ದ ರೊಟ್ಟಿಯನ್ನು ತಾಟಿನಲ್ಲಿ ಇಟ್ಟುಬಿಟ್ಟ. ‘ಕದ್ದು ಆರಿಸಿದ್ರ ಅದು ಕದ್ದ ಮಾತ ಆಕೈತಿ. ಈ ಡಂಗುರದಾಗ ಕದ್ದ ಮಾತು ಒಂದೂ ಬಂದಿಲ್ಲ. ನಮ್ಮಪ್ಪನ ಕಾಲದಾಗೂ ಬಂದಿಲ್ಲ. ಬ್ಯಾಡ.’

ಹುಲಿಗೆಮ್ಮ ಮಜ್ಜಿಗೆ ಕುಡಿಯುತ್ತ ಕಿಟಕಿಯಾಚೆ ನೋಡಿದಳು. ಹೊಳೆಯ ಆಚೆ ಬೋಳುಗುಡ್ಡ ಬಿಸಿಲಿಗೆ ಬೆನ್ನು ಕೊಟ್ಟು ಮಲಗಿತ್ತು. ಲೋಟ ಬಾಯಿಯ ಹತ್ತಿರವೇ ನಿಂತಿತು.

‘ಅಪ್ಪಾ, ಪೇಟ್ಯಾಗ ಹೊಡೀಬೇಕು ಅಂತ ಕಾನೂನು. ಹಿರೇರು ಕೇಳಬೇಕು ಅಂತ ಕಾನೂನು. ಹಿರೇರು ಎಲ್ಲಿ ನಿಂತು ಕೇಳಬೇಕು ಅಂತ ಐತೇನು?’

ದುರುಗಪ್ಪ ಮಗಳ ಮುಖ ನೋಡಿದ. ನಿಧಾನವಾಗಿ ಅವನ ಹೊಟ್ಟೆ ಕುಲುಕತೊಡಗಿತು.

ಮರುದಿನ ವಾಮನಮೂರ್ತಿಯವರು ಆಕೆಯ ಮಾತನ್ನು ಕೇಳಿ ಕನ್ನಡಕ ಏರಿಸಿದರು. ಒಳ್ಳೆಯ ಮನುಷ್ಯ, ಆದರೆ ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿತ್ತು.

‘ನೋಡಮ್ಮಾ, ಹೆಡ್‌ಫೋನಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ. ತಮ್ಮ ಕಿವಿಯಿಂದ ಅಂತ ಇದೆ. ಗುಡ್ಡದ ಮೇಲೆ ಹೋಗೋಣ ಅಂದ್ರೆ ಬೇಲಿ ಇದೆ, ಬಾಂಬಿನ ಬೋರ್ಡಿದೆ.’

‘ಬಾಂಬು ತೆಗೆದು ಇಪ್ಪತ್ತು ವರ್ಷ ಆಯ್ತು ಸರ್. ಕಹಳೆ ರಿಪೇರಿಗೆ ಹೊರಗಿನವರು ತಿಂಗಳಿಗೊಂದ್ಸಲ ಹತ್ತುತಾರೆ. ಬಾಂಬು ತೆಗೆದವರು ಬೋರ್ಡು ತೆಗೀಲಿಲ್ಲ. ಅದೂ ತಾತ್ಕಾಲಿಕ ಬೋರ್ಡಂತೆ.’

‘ತಾತ್ಕಾಲಿಕ ಅಂದ್ರೆ ಕಷ್ಟ ಕಣಮ್ಮಾ,’ ಎಂದು ನಿಟ್ಟುಸಿರಿಟ್ಟರು ವಾಮನಮೂರ್ತಿ. ‘ನಾನೂ ಇಲ್ಲಿಗೆ ತಾತ್ಕಾಲಿಕವಾಗೇ ಬಂದೋನು.’ ಮೇಜಿನ ಮೇಲೆ ಬೆರಳಾಡಿಸಿದರು. ‘ನಿಮ್ಮ ಹಿರಿಯರು ಹೋದರೆ ನಾನು ತಡೆಯೋದಿಲ್ಲ. ಹೋಗೋದಿಲ್ಲ ಬಿಡು, ಆ ಗೌಡರನ್ನ ನಾನು ಬಲ್ಲೆ.’

ಕೊಟ್ರಗೌಡ ಕಟ್ಟೆಯ ಮೇಲೆ ಕುಳಿತು ಅಡಿಕೆ ಕತ್ತರಿಸುತ್ತಿದ್ದ. ಮೀಸೆ ಬೆಳ್ಳಗಾಗಿತ್ತೇ ವಿನಾ ಇಳಿದಿರಲಿಲ್ಲ. ಇನ್ನೊಬ್ಬ ಹಿರಿಯಳು ಗಂಗಮ್ಮ, ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಹುಲಿಗೆಮ್ಮ ವಿಷಯ ಹೇಳಿದಳು.

‘ಆಗಂಗಿಲ್ಲ,’ ಎಂದ ಗೌಡ. ‘ಕೊಟ್ಟ ದನಿ ಕೊಟ್ಟಿವಿ. ಅದರ ಬೆನ್ನ ಹತ್ತಿ ಹೋಗೂದು ನಮ್ಮೂರ ಮಂದಿಗೆ ಶೋಭಾ ಅಲ್ಲ.’

‘ಗೌಡ್ರ, ಆಕಳ ದಾನ ಕೊಟ್ಟಮ್ಯಾಲ, ಅದು ಹೆಂಗೈತಿ ಅಂತ ಒಂದ್ಸಲ ನೋಡಿ ಬರೂದು ತಪ್ಪೇನ್ರಿ?’

ಅಡಕತ್ತರಿ ನಿಂತಿತು. ಗಂಗಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ನಗೆ ಬಂದದ್ದಕ್ಕೆ ಅದೊಂದೇ ಸಾಕ್ಷಿ.

‘ಲೇ ದುರುಗನ ಮಗಳ, ಇಷ್ಟು ಮಾತು ಯಾರು ಕಲಿಸ್ಯಾರ ನಿನಗ?’

‘ಮಾತು ಆಡಿ ತಪ್ಪದಂಗ ಇರೂದು ಅಪ್ಪ ಕಲಿಸ್ಯಾನ್ರಿ. ಕೇಳಲಾರದ್ದು ಕೇಳಿದಿವಿ ಅನ್ನಲಾರದಂಗ ಇರೂದು ನೀವು ಕಲಿಸೀರಿ. ಇಬ್ಬರ ಮಾತೂ ಉಳೀಬೇಕು ಅಂದ್ರ ಇದೊಂದ ದಾರಿ.’

ಗಂಗಮ್ಮ ಹುಲಿಗೆಮ್ಮನತ್ತ ಬಾಗಿದಳು. ‘ಆದ್ರ ಯವ್ವಾ, ಅಲ್ಲಿ ಕೇಳೂದು ಇವತ್ತಿನ ಡಂಗುರನೋ, ನಿಮ್ಮ ಯಂತ್ರದಾಗ ತುಂಬಿಟ್ಟಿದ್ದೋ ನಮಗ ಹೆಂಗ ಗೊತ್ತಾಗಬೇಕು?’

ಹುಲಿಗೆಮ್ಮನಿಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ.

‘ಅದನ್ನ ದುರುಗಗ ಬಿಡ್ರಿ,’ ಎಂದ ಗೌಡ, ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತ. ‘ಅವನ ಡಂಗುರನ ಹೇಳತೈತಿ. ಹೇಳಲಿಲ್ಲ ಅಂದ್ರ, ಕೇಳಲಿಲ್ಲ ಅಂತ ನಾ ಹೇಳತೀನಿ.’

ಸಂತೆಯ ದಿನ ನಿಶ್ಚಯವಾಯಿತು. ಬೆಳಗಿನ ತಂಪಿನಲ್ಲೇ ಹಿರಿಯರು ಎತ್ತಿನ ಬಂಡಿಯಲ್ಲಿ ಹೊಳೆ ದಾಟಿದರು. ವಾಮನಮೂರ್ತಿ ಕಂಟ್ರೋಲ್ ರೂಮಿನಲ್ಲಿ ಹುಲಿಗೆಮ್ಮನ ಬೆನ್ನ ಹಿಂದೆ ನಿಂತರು. ಮೈಕಿನ ಸದ್ದು ಇಬ್ಬರಿಗೂ ಕೇಳುವಂತೆ ಇನ್ನೊಂದು ಹೆಡ್‌ಫೋನು ಸಿಕ್ಕಿಸಿದ್ದಳು. ಕಿಟಕಿಯಿಂದ ಕೆಳಗೆ ಪೇಟೆ ಕಾಣುತ್ತಿತ್ತು. ಬದನೆಕಾಯಿಯ ಕೋಲುಗಳ ನಡುವೆ ದುರುಗಪ್ಪ ಎದೆಯ ಮೇಲೆ ಡಂಗುರ ಏರಿಸಿ ಕಾಯುತ್ತಿದ್ದ. ತಲೆಗೆ ಮಡಿ ರುಮಾಲು.

ಹೆಡ್‌ಫೋನಿನಲ್ಲಿ ಮೊದಲು ಏದುಸಿರು, ಆಡಿನ ಗಂಟೆ. ಆಮೇಲೆ ಗೌಡನ ದನಿ: ‘ಈ ಬೋರ್ಡ ನೋಡು ಗಂಗವ್ವ, ಅಪಾಯ ಅಂತೈತಿ. ಕೆಳಗ ನೋಡಿದ್ರ ತುಂಬ ಆಡಿನ ಹಿಕ್ಕಿ. ಪಾಪ, ಅವಕ್ಕ ಓದಾಕ ಬರಂಗಿಲ್ಲ.’

ಹುಲಿಗೆಮ್ಮ ಬೆಚ್ಚಿದಳು. ಗೌಡನೂ ಬೆಚ್ಚಿರಬೇಕು, ಯಾಕೆಂದರೆ ಮಾತು ಅಲ್ಲೇ ತುಂಡಾಯಿತು. ಗುಡ್ಡದ ಮೇಲೆ ಕಂಬಗಳಿಲ್ಲ. ಮೂವತ್ತು ವರ್ಷದ ಮೇಲೆ ಗೌಡ ತನ್ನ ಪೂರ್ತಿ ದನಿಯಲ್ಲಿ ಮಾತಾಡಿದ್ದ.

ಆಮೇಲೆ ಅವರು ಕಹಳೆಗಳ ಮುಂದೆ ಬಂದರು. ಇಡೀ ಊರು ಅವರ ಮೇಲೆ ಬಿತ್ತು. ಸಂತೆಯ ಕೂಗು, ಬೀಗರ ವಾಲಗ, ನಾಯಿಗಳ ಬೊಗಳು, ಸೊಸೆಯಂದಿರ ಬೈಗುಳ, ಶಾಲೆಯ ಮಕ್ಕಳ ಮಗ್ಗಿ, ಎಲ್ಲ ಒಟ್ಟಿಗೆ. ಅದರ ನಡುವೆ ಒಂದು ಮಗು ಕಿಲಕಿಲ ನಗುತ್ತಿತ್ತು.

‘ಗೌಡ,’ ಎಂದಳು ಗಂಗಮ್ಮ, ‘ಇದು ನಮ್ಮ ಮನಿ ಕೂಸಲ್ಲೇನ? ಹಿಂಗ ನಗತದಾ ಅದು? ದಿನಾ ತೊಡಿಮ್ಯಾಲ ಕುಂತು ಇಷ್ಟು ನಗತದಾ?’

ಗೌಡ ಮೂಗು ಸೀಟಿದ್ದು ಕೇಳಿಸಿತು.

ಹುಲಿಗೆಮ್ಮ ಕಿಟಕಿಯಿಂದ ಕೆಂಪು ಬಟ್ಟೆ ಬೀಸಿದಳು. ಕೆಳಗೆ ದುರುಗಪ್ಪ ಕೋಲೆತ್ತಿದ. ಕಿಟಕಿಯಲ್ಲಿ ನಿಶ್ಶಬ್ದವಾಗಿ ಇಳಿದ ಕೋಲು ಹೆಡ್‌ಫೋನಿನಲ್ಲಿ ಸಿಡಿಲಾಗಿ ಬಿತ್ತು.

ಢಂ. ಢಂ. ಢಢಂ.

‘ಕೇಳ್ರಪ್ಪೋ ಕೇಳ್ರಿ! ತುಂತುರು ಯುದ್ಧ ಮುಗದೈತ್ರಪ್ಪೋ! ದನಿ ತೆರಿಗಿ ರದ್ದ ಆಗೈತ್ರಪ್ಪೋ!’ ಒಂದು ಉಸಿರು. ಒಂದು ಪೆಟ್ಟು ತಪ್ಪಿತು. ಆಮೇಲೆ ಅದೇ ರಾಗದಲ್ಲಿ, ಕಾನೂನಿನಲ್ಲಿ ಇಲ್ಲದ ಒಂದು ಸಾಲು: ‘ಗೌಡ್ರ ಮನಿ ಕರೇ ಎಮ್ಮಿ ಹಗ್ಗ ಹರಕೊಂಡು ಬಂದು, ಸೊಪ್ಪಿನ ಈರಮ್ಮನ ಬುಟ್ಟಿಗೆ ಈಗ ಬಾಯಿ ಹಾಕೈತ್ರಪ್ಪೋ!’

ಹುಲಿಗೆಮ್ಮ ಕಿಟಕಿಯತ್ತ ತಿರುಗಿದಳು. ನಿಜ. ಎಮ್ಮೆ ಮೆಂತ್ಯದ ಕಟ್ಟನ್ನು ಕಚ್ಚಿಕೊಂಡು ನಿಂತಿತ್ತು, ಈರಮ್ಮ ನಿಶ್ಶಬ್ದವಾಗಿ ಶಾಪ ಹಾಕುತ್ತಿದ್ದಳು. ಆ ಶಾಪವೆಲ್ಲ ಗುಡ್ಡದ ಮೇಲೆ ಎಮ್ಮೆಯ ಒಡೆಯನ ಮೇಲೇ ಸುರಿಯುತ್ತಿತ್ತು. ಅವನ ವಂಶದ ಏಳು ತಲೆಮಾರೂ ಅದರಲ್ಲಿ ಬಂದು ಹೋದವು.

‘ಇದು ತುಂಬಿಟ್ಟಿದ್ದಲ್ಲ ಗೌಡ,’ ಎಂದಳು ಗಂಗಮ್ಮ.

‘ಅಲ್ಲ,’ ಎಂದ ಗೌಡ. ‘ಮುಂಜಾನಿ ನಾನ ಆ ಎಮ್ಮಿ ಕಟ್ಟಿದ್ನಿ. ಹಗ್ಗ ಹಳೇದಿತ್ತು.’ ಗಂಟಲು ಸರಿಮಾಡಿಕೊಂಡ. ಮೈಕಿಗೆ ಹತ್ತಿರ ಬಂದು, ಮೂವತ್ತು ವರ್ಷದ ಹಿಂದೆ ಮೀಸೆಯ ಮೇಲೆ ಕೈಯಿಟ್ಟು ಆಡಿದ ಗತ್ತಿನಲ್ಲೇ ಹೇಳಿದ: ‘ದುರುಗಪ್ಪನವರು ಡಂಗುರ ಹೊಡದ್ರು. ನಾವು ಉಲಿಗೆರಿ ಹಿರೇರು ನೋಡಲಿಲ್ಲ. ಕೇಳಿದಿವಿ.’

ಆ ‘ದುರುಗಪ್ಪನವರು’ ಹುಲಿಗೆಮ್ಮನ ಎದೆಗೆ ಡಂಗುರಕ್ಕಿಂತ ಜೋರಾಗಿ ಬಡಿಯಿತು. ‘ಲೇ ದುರುಗ’ನ ಹೊರತು ಬೇರೊಂದನ್ನು ಆ ಬಾಯಿಂದ ಆಕೆ ಎಂದೂ ಕೇಳಿದ್ದಿಲ್ಲ. ಆಕೆಯೇನು, ಊರಿನಲ್ಲಿ ಯಾರೂ ಕೇಳಿದ್ದಿಲ್ಲ.

ಅವಳು ಹೆಡ್‌ಫೋನು ಕಳಚಿ, ಯಂತ್ರ ನಿಲ್ಲಿಸುವ ದೊಡ್ಡ ಹಿಡಿಕೆಯ ಮೇಲೆ ಕೈಯಿಟ್ಟು ಹಿಂದೆ ತಿರುಗಿದಳು. ವಾಮನಮೂರ್ತಿಯವರು ಬೆವರು ಒರೆಸಿಕೊಳ್ಳುತ್ತಿದ್ದರು.

‘ಒಂದು ವಾರ ತಡಿಯೋಣವೇನಮ್ಮಾ? ಮುಕ್ತಾಯ ಮಾಡೋದಕ್ಕೂ ಒಂದು ತಾತ್ಕಾಲಿಕ ಘಟಕ ಅಂತ ಬೇಕಾಗುತ್ತೆ...’

ಹುಲಿಗೆಮ್ಮ ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಏರಿಸಿದಳು. ‘ನೋಡಿ ಸರ್,’ ಎಂದಳು, ತದ್ರೂಪು ಅವರದೇ ದನಿಯಲ್ಲಿ, ‘ಸಿಸ್ಟಮ್ಮು ಅಂದ್ರೆ ಸಿಸ್ಟಮ್ಮು. ಹೇಳಿದ ಕ್ಷಣಕ್ಕೆ ಅಂತ ಇದೆ.’

ಅಟೆಂಡರ್ ಬಾಗಿಲಲ್ಲಿ ಎದ್ದು ನಿಂತ. ವಾಮನಮೂರ್ತಿ ತಮ್ಮ ದನಿಯನ್ನು ತಮ್ಮ ಎದುರಿಗೇ ಕೇಳಿ ದಂಗಾಗಿ, ಆಮೇಲೆ ತಲೆ ಅಲ್ಲಾಡಿಸುತ್ತ ಹಿಡಿಕೆಯತ್ತ ಕೈ ತೋರಿದರು. ‘ಎಳಿ ತಾಯಿ.’

ಎಳೆದಳು.

ಕೆಳಗೆ ಪೇಟೆಯಲ್ಲಿ ದುರುಗಪ್ಪ ಮೂರನೆಯ ಸಲ ಕೋಲು ಇಳಿಸುತ್ತಿದ್ದ. ಢಂ ಎಂದಿತು. ಅವನು ಹಾವು ತುಳಿದವನ ಹಾಗೆ ಹಿಂದಕ್ಕೆ ಜಿಗಿದ. ಡಂಗುರವನ್ನು ನೋಡಿದ, ಕೋಲನ್ನು ನೋಡಿದ, ಕಂಬವನ್ನು ನೋಡಿದ. ನಾಯಿಗಳೆಲ್ಲ ಒಟ್ಟಿಗೆ ಬೊಗಳಿ, ತಮ್ಮ ಬೊಗಳಿಗೆ ತಾವೇ ಹೆದರಿ ಓಡಿದವು. ಕೂಸುಗಳು ಅತ್ತವು, ಅತ್ತ ಸದ್ದು ಕೇಳಿ ಸುಮ್ಮನಾದವು, ಮತ್ತೆ ಖುಷಿಯಿಂದ ಅತ್ತವು. ವಾಲಗದವನ ಗಲ್ಲ ಇಷ್ಟು ವರ್ಷ ಬರಿದೆ ಉಬ್ಬಿದ್ದೆಂದು ಆ ಕ್ಷಣಕ್ಕೆ ಬಯಲಾಯಿತು. ಬೀಗರು ಅವನಿಗೆ ಬೈದರು, ಜೋರಾಗಿ, ಮನಸಾರೆ.

ದುರುಗಪ್ಪ ರುಮಾಲು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಕೋಲನ್ನು ಗಟ್ಟಿಯಾಗಿ ಹಿಡಿದು ಮತ್ತೆ ಹೊಡೆದ. ಈ ಸಲ ಪೇಟೆಗೆ ಪೇಟೆಯೇ ನಿಂತು ಕೇಳಿತು. ಯಾರ ಹೊಟ್ಟೆಯೂ ಕುಲುಕಲಿಲ್ಲ.

ಹುಲಿಗೆಮ್ಮ ಮೈಕು ಆರಿಸಿದಳು. ಗುಡ್ಡದ ಕಹಳೆಗಳಲ್ಲಿ ಇನ್ನು ಬರೀ ಗಾಳಿ. ಕಿಟಕಿಯ ಹತ್ತಿರ ಹೋಗಿ ನಿಂತಳು. ಊಟದ ಹೊತ್ತಾಗಿತ್ತು. ಮಾಳಿಗೆಗಳ ಮೇಲೆ ರೂಢಿಯಂತೆ ಬಟ್ಟೆಗಳು ಏರುತ್ತಿದ್ದವು. ತಮ್ಮ ಮನೆಯ ಮಾಳಿಗೆಯ ಮೇಲೆ ತಾಯಿ ಕೋಲು ಹಿಡಿದು ನಿಂತಿದ್ದಳು. ಬಟ್ಟೆಯನ್ನು ಅರ್ಧ ಏರಿಸಿ, ಯಾಕೋ ನಿಲ್ಲಿಸಿ, ಕೋಲನ್ನು ಗೋಡೆಗೆ ಒರಗಿಸಿದಳು. ಎರಡೂ ಕೈಯನ್ನು ಬಾಯಿಯ ಸುತ್ತ ಹಿಡಿದಳು.

‘ಏ ಹುಲಿಗೀ! ಊಟಕ್ಕ ಬಾರೇ!’

ಹೆಂಚುಗಳ ಮೇಲಿಂದ, ಕಂಬಗಳ ನಡುವಿನಿಂದ, ಡಂಗುರದ ಸದ್ದನ್ನೂ ದಾಟಿ ಆ ಕರೆ ಬಂತು. ದೂರದಿಂದ ಯಾರೂ ಅವಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಊರಿನ ಎಲ್ಲರ ದನಿಯನ್ನೂ ಅಣಕಿಸಿದ ಹುಲಿಗೆಮ್ಮ ಉಸಿರು ತುಂಬಿಕೊಂಡು, ತನ್ನದೇ ದನಿ ಹೇಗಿದೆಯೋ ಎಂದು ಒಂದು ಕ್ಷಣ ಅಂಜಿ, ಕಿಟಕಿಯಿಂದ ಹೊರಕ್ಕೆ ಬಾಗಿ ಕೂಗಿದಳು:

‘ಓ...!’